ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಹೊಸ ಕಟ್ಟಡಗಳು ವಿದ್ಯುತ್ತನ್ನು ಮಿತವಾಗಿ ಬಳಸುವಂತೆ ಅವುಗಳ ವಿನ್ಯಾಸ ಹಾಗೂ ನಿರ್ಮಾಣಕ್ಕೆ ಕನಿಷ್ಠ ಮಾನದಂಡಗಳನ್ನು ವಿಧಿಸುವ ಭಾರತದ ನಿಯಮಾವಳಿಯಾಗಿದೆ. ಇದನ್ನು ಸಂಕ್ಷಿಪ್ತವಾಗಿ ಇ.ಸಿ.ಬಿ.ಸಿ. ಎನ್ನುತ್ತಾರೆ.

ಹಿನ್ನೆಲೆ

2001ರ ಇಂಧನ ಸಂರಕ್ಷಣಾ ಕಾಯಿದೆಯನ್ವಯ ರೂಪುಗೊಂಡ ಈ ಸಂಹಿತೆಯು 2007ರಲ್ಲಿ ಪ್ರಕಟವಾಗಿ, 2017ರಲ್ಲಿ ಪರಿಷ್ಕೃತವಾಯಿತು. 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಸಂಪರ್ಕಿತ ಹೊರೆಯುಳ್ಳ ವಾಣಿಜ್ಯ ಕಟ್ಟಡಗಳು ಇದರ ವ್ಯಾಪ್ತಿಗೆ ಬರುತ್ತವೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ‘ಇಕೋ ನಿವಾಸ್ ಸಂಹಿತೆ’ ಹೊರಬಂದಿತು. ಜಾರಿಯ ಹೊಣೆ ರಾಜ್ಯ ಸರ್ಕಾರಗಳದ್ದು; ಕರ್ನಾಟಕದಲ್ಲಿ ಇಂಧನ ಸಂರಕ್ಷಣೆಯ ನಿಯೋಜಿತ ಸಂಸ್ಥೆ ಕ್ರೆಡಲ್.

ವೆಚ್ಚಗಳು

ಛಾವಣಿ ಮತ್ತು ಗೋಡೆಗಳ ಶಾಖನಿರೋಧಕ ಪದರ, ಎರಡು ಪದರದ ಗಾಜು, ದಕ್ಷ ಹವಾನಿಯಂತ್ರಕಗಳು ನಿರ್ಮಾಣವೆಚ್ಚವನ್ನು ಹೆಚ್ಚಿಸುತ್ತವೆ. ನಕ್ಷೆಗಳ ಪರಿಶೀಲನೆ, ಸ್ಥಳ ತಪಾಸಣೆ ಮತ್ತು ಸಿಬ್ಬಂದಿಯ ತರಬೇತಿಗಾಗಿ ಸರ್ಕಾರವೂ ಹಣ ತೊಡಗಿಸಬೇಕಾಗುತ್ತದೆ.

ಪ್ರಯೋಜನಗಳು

ವಿದ್ಯುತ್ ಶುಲ್ಕದ ಇಳಿಕೆ ನೇರವಾದ ಲಾಭ. ಒಳಗೆ ಬರುವ ಶಾಖ ಕಡಿಮೆಯಾದರೆ ಚಿಕ್ಕ ಹವಾನಿಯಂತ್ರಣ ಯಂತ್ರವೇ ಸಾಕಾಗುವುದರಿಂದ ಆರಂಭಿಕ ವೆಚ್ಚದ ಒಂದು ಭಾಗ ಅಲ್ಲಿಯೇ ಸರಿದೂಗುತ್ತದೆ. ಬೇಸಿಗೆಯ ಗರಿಷ್ಠ ಬೇಡಿಕೆಯೂ ಇಂಗಾಲದ ಹೊರಸೂಸುವಿಕೆಯೂ ತಗ್ಗುತ್ತವೆ. ಕಟ್ಟಡವೊಂದು ಹಲವು ದಶಕ ಬಾಳುವುದರಿಂದ, ಕಟ್ಟುವಾಗ ಕೈತಪ್ಪಿದ ಉಳಿತಾಯವನ್ನು ಮುಂದೆ ಪಡೆಯುವುದು ದುಬಾರಿ.

ಲೆಕ್ಕಾಚಾರ

ಉದಾಹರಣೆಗೆ, 10 ಲಕ್ಷ ರೂಪಾಯಿಗಳ ಹೆಚ್ಚುವರಿ ವೆಚ್ಚದಿಂದ ವರ್ಷಕ್ಕೆ 2 ಲಕ್ಷ ರೂಪಾಯಿ ಉಳಿಯುವುದಾದರೆ, ಸರಳ ಲೆಕ್ಕದಲ್ಲಿ 5 ವರ್ಷಗಳಲ್ಲಿ ಹಣ ಮರಳುತ್ತದೆ. ಶೇ. 10ರ ಬಡ್ಡಿಯನ್ನು ಪರಿಗಣಿಸಿದರೆ ಈ ಅವಧಿ 7 ವರ್ಷಗಳನ್ನು ಮೀರುತ್ತದೆ. ಹೀಗಾಗಿ ಆಯ್ದುಕೊಂಡ ಬಡ್ಡಿದರವೇ ಫಲಿತಾಂಶವನ್ನು ಬದಲಿಸಬಲ್ಲದು.

ವೆಚ್ಚ ಮತ್ತು ಲಾಭಗಳು ಒಬ್ಬರಿಗೇ ಸೇರದಿರುವುದು ಇನ್ನೊಂದು ತೊಡಕು. ಹಣ ಹೂಡುವವನು ಕಟ್ಟಡದ ನಿರ್ಮಾಪಕ. ವಿದ್ಯುತ್ ಶುಲ್ಕ ತೆರುವವನು ಬಾಡಿಗೆದಾರ. ಆದುದರಿಂದ ಲಾಭದಾಯಕ ಕ್ರಮಗಳನ್ನೂ ಮಾರುಕಟ್ಟೆ ತಾನಾಗಿ ಕೈಗೊಳ್ಳದೆಂಬುದು ಸಂಹಿತೆಯ ಪರವಾದ ಮುಖ್ಯ ವಾದ.

ಅಧ್ಯಯನಗಳು

ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ನಗರದ ಮನೆಗಳನ್ನು ಕುರಿತ 2013ರ ಅಧ್ಯಯನದಲ್ಲಿ ಜೇಕಬ್‌ಸನ್ ಮತ್ತು ಕಾಚೆನ್, ಸಂಹಿತೆ ಬಿಗಿಯಾದ ಬಳಿಕ ಕಟ್ಟಿದ ಮನೆಗಳಲ್ಲಿ ವಿದ್ಯುತ್ ಬಳಕೆ ಶೇ. 4ರಷ್ಟು, ನೈಸರ್ಗಿಕ ಅನಿಲದ ಬಳಕೆ ಶೇ. 6ರಷ್ಟು ಕಡಿಮೆಯೆಂದು ಕಂಡುಕೊಂಡರು. ಕ್ಯಾಲಿಫೋರ್ನಿಯಾವನ್ನು ಕುರಿತ 2016ರ ಲೇಖನದಲ್ಲಿ ಆರಿಕ್ ಲೆವಿನ್‌ಸನ್, ಅಲ್ಲಿನ ಸಂಹಿತೆಯ ಅನಂತರದ ಮನೆಗಳು ಹಳೆಯ ಮನೆಗಳಿಗಿಂತ ಕಡಿಮೆ ವಿದ್ಯುತ್ ಬಳಸುತ್ತವೆ ಎನ್ನಲು ಆಧಾರ ದೊರೆಯಲಿಲ್ಲವೆಂದರು. ಕಾಗದದ ಮೇಲಿನ ಅಂದಾಜನ್ನು ಮೀಟರಿನ ನಿಜವಾದ ಅಳತೆಯೊಡನೆ ಹೋಲಿಸುವುದರ ಅಗತ್ಯವನ್ನು ಈ ಭಿನ್ನ ಫಲಿತಾಂಶಗಳು ತೋರಿಸುತ್ತವೆ.