ಶೋರೂಮಿನಲ್ಲಿ ಡೀಸೆಲ್ ಕಾರು ಇಲ್ಲ, ಬಿ.ಎಚ್. ರಸ್ತೆಯಲ್ಲಿ ಮಾತ್ರ ಕಡಿಮೆ ಆಗಿಲ್ಲ, ಯಾಕೆ? ಬೆಲೆ, ಹೊಗೆ, ನಿಯಮಗಳ ಪೂರ್ತಿ ವಿವರ

ತಿಪಟೂರು: ಹತ್ತು ಹನ್ನೆರಡು ವರ್ಷದ ಹಿಂದೆ ಯಾರಾದರೂ ಕಾರು ತಗೋತೀನಿ ಅಂದರೆ ಸಿಗುತ್ತಿದ್ದ ಮೊದಲ ಸಲಹೆ ಒಂದೇ. 'ಡೀಸೆಲ್ ತಗೊಳ್ರಿ, ಮೈಲೇಜು ಬರುತ್ತೆ, ಮಾರುವಾಗಲೂ ರೇಟು ಸಿಗುತ್ತೆ.' ಕೊಬ್ಬರಿ ವ್ಯಾಪಾರದವರು, ಗುತ್ತಿಗೆದಾರರು, ಮೇಷ್ಟ್ರು ಎಲ್ಲರ ಮನೆ ಮುಂದೆಯೂ ಡಿಸೈರ್, ಇಂಡಿಕಾ, ಬೊಲೆರೊ, ಇನ್ನೋವಾ. ಈಗ ಶೋರೂಮಿಗೆ ಹೋಗಿ ಸಣ್ಣ ಡೀಸೆಲ್ ಕಾರು ಕೇಳಿ ನೋಡಿ. 'ಸಿಎನ್‌ಜಿ ತಗೊಳ್ಳಿ ಸಾರ್' ಅಂತಾರೆ.

2012-13ರಲ್ಲಿ ದೇಶದಲ್ಲಿ ಮಾರಾಟವಾದ ಹೊಸ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಈಗ ಐದರಲ್ಲಿ ಒಂದೂ ಇಲ್ಲ. ಆದರೆ ಈ ಲೆಕ್ಕ ಹೊಸ ಗಾಡಿಗಳದ್ದು ಮಾತ್ರ ಅನ್ನೋದು ನೆನಪಿರಲಿ. ಆವತ್ತು ಮಾರಿದ ಗಾಡಿಗಳು ಎಲ್ಲೂ ಹೋಗಿಲ್ಲ. ಬೆಂಗಳೂರಿನಲ್ಲಿ ಓಡಿ, ಕೈ ಬದಲಾಗಿ, ತಾಲ್ಲೂಕು ಕೇಂದ್ರಗಳಿಗೆ ಬಂದು ಕೂತಿವೆ. ರಸ್ತೆ ಬದಿ ಅಂಗಡಿ ಇಟ್ಟುಕೊಂಡು ಬೆಳಗಿನಿಂದ ರಾತ್ರಿವರೆಗೆ ಕೂರುವವರಿಗೆ ಇದು ದೂರದ ಸುದ್ದಿ ಅಲ್ಲ.

ಡೀಸೆಲ್ ಅಗ್ಗವಾಗಿತ್ತು, ಅಷ್ಟೇ ಕಾರಣ

ಡೀಸೆಲ್ ಎಂಜಿನ್ ಒಂದು ಲೀಟರಿಗೆ ಹೆಚ್ಚು ದೂರ ಓಡುತ್ತದೆ, ನಿಜ. ಆದರೆ ಜನ ಮುಗಿಬಿದ್ದಿದ್ದು ಅದಕ್ಕಲ್ಲ. ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣವನ್ನು ಕೇಂದ್ರ ಸರ್ಕಾರ 2010ರ ಜೂನ್‌ನಲ್ಲೇ ತೆಗೆದಿತ್ತು. ಲಾರಿ, ಬಸ್ಸು, ರೈತರ ಪಂಪ್‌ಸೆಟ್ಟಿಗೆ ಬೇಕು ಅಂತ ಡೀಸೆಲ್ ಬೆಲೆಯನ್ನು ಮಾತ್ರ ಹಿಡಿದಿಟ್ಟಿತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41 ರೂಪಾಯಿ. ಅಂತರ 32 ರೂಪಾಯಿ! ರೈತನ ಹೆಸರಿನ ಅಗ್ಗದ ಎಣ್ಣೆಯಲ್ಲಿ ಕಾರಿನವರೂ ಪಾಲು ತಗೊಂಡರು ಅನ್ನಬಹುದು. ಆ ಕಾಲಕ್ಕೆ ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಒಂದೇ ಮಾರುತಿ ಸ್ವಿಫ್ಟ್, ಡಿಸೈರ್, ಟಾಟಾ ವಿಸ್ತಾ, ಫಿಯಟ್ ಪುಂಟೊ ಎಲ್ಲದರ ಒಳಗೂ ಇತ್ತು. ಹೆಸರು ಬೇರೆ, ಹೊಟ್ಟೆ ಒಂದೇ.

2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಬಂದರು. 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ಆಮೇಲೆ ನಮ್ಮ ರಾಜ್ಯದ ತೆರಿಗೆ. ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಏರಿತು, 2025ರ ಏಪ್ರಿಲ್ 1ರಿಂದ ಮತ್ತೆ ಏರಿ 21.17 ಶೇಕಡಾಕ್ಕೆ ಬಂತು. ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91, ಪೆಟ್ರೋಲ್ ಸುಮಾರು 103 ರೂಪಾಯಿ. 32 ಇದ್ದ ಅಂತರ 12ಕ್ಕೆ ಇಳಿಯಿತು.

ಲೆಕ್ಕ ಹಾಕಿಯೇ ನೋಡೋಣ. ಒಂದೇ ಗಾತ್ರದ ಎರಡು ಕಾರು, ಪೆಟ್ರೋಲಿನದು ಲೀಟರಿಗೆ 16 ಕಿ.ಮೀ., ಡೀಸೆಲ್‌ದು 20 ಕಿ.ಮೀ. ಅಂತ ಇಟ್ಟುಕೊಳ್ಳಿ. ಮೇಲಿನ ದರದಲ್ಲಿ ಪೆಟ್ರೋಲಿಗೆ ಕಿಲೋಮೀಟರಿಗೆ 6 ರೂ. 44 ಪೈಸೆ, ಡೀಸೆಲಿಗೆ 4 ರೂ. 55 ಪೈಸೆ. ಉಳಿತಾಯ 1 ರೂ. 89 ಪೈಸೆ. ಡೀಸೆಲ್ ಮಾಡೆಲ್ಲಿಗೆ 1 ಲಕ್ಷದ 30 ಸಾವಿರ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರಲು ಸುಮಾರು 69,000 ಕಿ.ಮೀ. ಓಡಿಸಬೇಕು. ತಿಂಗಳಿಗೆ 800 ಕಿ.ಮೀ. ಓಡಿಸುವ ಅಂಗಡಿಯವರಿಗೆ ಏಳು ವರ್ಷದ ಮಾತು. ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಮೂರು ವರ್ಷದೊಳಗೆ ಬರುತ್ತದೆ. ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗಿಬರುವವರಿಗೆ ಡೀಸೆಲ್ ಇವತ್ತಿಗೂ ದಡ್ಡತನ ಅಲ್ಲ. ಕೋಟೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ಓಡಾಡುವವರಿಗೆ ಮಾತ್ರ ಖಂಡಿತ ಲಾಸು.

ಬಿಎಸ್-6 ಬಂದ ಮೇಲೆ

ಬೆಲೆಯ ಏಟು ಒಂದಾದರೆ, ಇನ್ನೊಂದು 2020ರ ಏಪ್ರಿಲ್ 1ರ ನಿಯಮ. ಬಿಎಸ್-5 ಬಿಟ್ಟು ನೇರ ಬಿಎಸ್-6ಕ್ಕೆ ಹೋಗುವುದಾಗಿ ಸರ್ಕಾರ 2016ರಲ್ಲೇ ಹೇಳಿತ್ತು. ಪೆಟ್ರೋಲ್ ಕಾರಿಗೆ ಇದರಿಂದ ದೊಡ್ಡ ಖರ್ಚು ಬರಲಿಲ್ಲ. ಡೀಸೆಲಿಗೆ ಮಸಿ ಹಿಡಿಯುವ ಫಿಲ್ಟರ್ ಬೇಕು, ಕೆಲವಕ್ಕೆ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಬೇಕು. ಸಣ್ಣ ಕಾರಿನ ಬೆಲೆಗೆ ಇದನ್ನೆಲ್ಲ ಸೇರಿಸಿದರೆ ಕೊಳ್ಳುವವರು ಯಾರು? ಮಾರುತಿ ಕಂಪನಿ ಅದೇ ದಿನದಿಂದ ಡೀಸೆಲ್ ಕಾರು ನಿಲ್ಲಿಸಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೊ ಕೂಡ ಹಿಂದೆ ಸರಿದವು. ರಸ್ತೆಯ ಮೇಲೇ ಹೊಗೆ ಅಳೆಯುವ ಹೊಸ ನಿಯಮ 2023ರ ಏಪ್ರಿಲ್‌ನಲ್ಲಿ ಬಂದಾಗ ಹೋಂಡಾ ಬಿಟ್ಟಿತು, ಹ್ಯುಂಡೈ ತನ್ನ ಸಣ್ಣ ಕಾರುಗಳಲ್ಲಿ ಬಿಟ್ಟಿತು. ಈಗ ಡೀಸೆಲ್ ಗಟ್ಟಿಯಾಗಿ ಉಳಿದಿರೋದು ದೊಡ್ಡ ಗಾಡಿಗಳಲ್ಲಿ: ಮಹೀಂದ್ರದ ಸ್ಕಾರ್ಪಿಯೊ, ಬೊಲೆರೊ, ಟೊಯೊಟಾದ ಕ್ರಿಸ್ಟಾ, ಫಾರ್ಚೂನರ್ ಇಂಥವು.

ಹೊಗೆಯಲ್ಲಿ ಏನಿದೆ?

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ, ಎಣ್ಣೆ ಮೊದಲು ಬೆರೆತು ಆಮೇಲೆ ಕಿಡಿ ಹತ್ತುತ್ತದೆ. ಡೀಸೆಲಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿ, ಆ ಬಿಸಿಗೆ ಎಣ್ಣೆ ಚಿಮ್ಮಿಸುತ್ತಾರೆ. ಎಣ್ಣೆ ಸರಿಯಾಗಿ ಬೆರೆಯದ ಕಡೆ ಅರೆಬರೆ ಸುಟ್ಟು ಮಸಿ ಆಗುತ್ತದೆ. ಬಿಸಿ ಹೆಚ್ಚಿದ ಕಡೆ ಗಾಳಿಯ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಮಸಿಯ ಕಣ ಎಷ್ಟು ಸಣ್ಣದು ಅಂದರೆ ಮೂಗಿನ ಕೂದಲಿಗೆ ಸಿಗದೆ ನೇರ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮಲ್ಲಿ ಡೀಸೆಲ್ ಕಾರು ಅತಿ ಹೆಚ್ಚು ಮಾರಾಟವಾಗುತ್ತಿದ್ದ ವರ್ಷವೂ ಅದೇ, ನೋಡಿ.

ಹಳೇ ಗಾಡಿಗೂ ಹೊಸದಕ್ಕೂ ಎಷ್ಟು ವ್ಯತ್ಯಾಸ? ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಬಿಡಬಹುದಾದ ಕಣದ ಮಿತಿ ಬಿಎಸ್-3ರಲ್ಲಿ 50 ಮಿಲಿಗ್ರಾಂ, ಬಿಎಸ್-4ರಲ್ಲಿ 25, ಬಿಎಸ್-6ರಲ್ಲಿ 4.5. ಅಂದರೆ ಕಾಗದದ ಲೆಕ್ಕದಲ್ಲಿ ಒಂದು ಬಿಎಸ್-3 ಕಾರು ಹನ್ನೊಂದು ಬಿಎಸ್-6 ಕಾರುಗಳಿಗೆ ಸಮ. ನೈಟ್ರೋಜನ್ ಆಕ್ಸೈಡ್ ಮಿತಿಯೂ 500ರಿಂದ 250, ಅಲ್ಲಿಂದ 80 ಮಿಲಿಗ್ರಾಂಗೆ ಇಳಿಯಿತು. ಡೀಸೆಲಿನೊಳಗಿನ ಗಂಧಕವೂ 50 ಪಿಪಿಎಂನಿಂದ 10ಕ್ಕೆ ಬಂತು. ಇದರ ಲಾಭ ಹಳೇ ಗಾಡಿಗಳಿಗೂ ಸಿಕ್ಕಿದೆ.

ಕಾಗದದ ಲೆಕ್ಕ ಅಂತ ಹೇಳಿದ್ದಕ್ಕೆ ಕಾರಣ ಇದೆ. ಪ್ರಯೋಗಾಲಯದಲ್ಲಿ ಪಾಸಾದ ಕಾರು ರಸ್ತೆಯಲ್ಲಿ ಹೆಚ್ಚು ಹೊಗೆ ಉಗುಳಬಹುದು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಕಂಪನಿ, ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಹಾಕಿದ್ದನ್ನು ಒಪ್ಪಿಕೊಂಡಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳ ಪ್ರಶ್ನೆ ಅದು. ಯುರೋಪಿನಲ್ಲಿ ಡೀಸೆಲ್ ಕಾರಿನ ಮೇಲಿನ ನಂಬಿಕೆ ಆಮೇಲೆ ಮೇಲೇಳಲೇ ಇಲ್ಲ.

ಹಾಗಂತ ಪೆಟ್ರೋಲ್ ಪರಿಶುದ್ಧ ಅಂತ ಅಂದುಕೊಳ್ಳಬೇಡಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಪೆಟ್ರೋಲಿಗೆ 2.3 ಕೆ.ಜಿ. ಆದರೆ ಮೈಲೇಜು ಹೆಚ್ಚಿರೋದರಿಂದ, ಮೇಲಿನ ನಮ್ಮ ಎರಡು ಕಾರುಗಳಲ್ಲಿ ಕಿಲೋಮೀಟರಿಗೆ ಡೀಸೆಲ್ 134 ಗ್ರಾಂ, ಪೆಟ್ರೋಲ್ 144 ಗ್ರಾಂ. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಡೀಸೆಲ್ ಕೊಂಚ ವಾಸಿ, ಊರಿನ ಗಾಳಿಯ ಲೆಕ್ಕದಲ್ಲಿ ಹಳೇ ಡೀಸೆಲ್ ಬಹಳ ಕೆಟ್ಟದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ವಾದ ಮಾಡೋದರಿಂದಲೇ ಜಗಳ ಮುಗಿಯೋದಿಲ್ಲ. ಇನ್ನೊಂದು ಮಾತು: ದೇಶದ ಡೀಸೆಲಿನಲ್ಲಿ ದೊಡ್ಡ ಪಾಲು ಕುಡಿಯೋದು ಲಾರಿ, ಬಸ್ಸು, ಟ್ರ್ಯಾಕ್ಟರು. ಕರೆಂಟು ಹೋದಾಗ ಅಂಗಡಿ ಮುಂದೆ ಗುಡುಗುವ ಜನರೇಟರ್ ಕೂಡ ಡೀಸೆಲ್ಲೇ. ಸ್ವಂತ ಕಾರುಗಳು ಪೂರ್ತಿ ಹೋದರೂ ಬಿ.ಎಚ್. ರಸ್ತೆಯ ಹೊಗೆ ಪೂರ್ತಿ ಹೋಗೋದಿಲ್ಲ.

ದೆಹಲಿ ರೂಲ್ಸು ನಮಗೆ ಇದೆಯಾ?

ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನೋದು ದೆಹಲಿ ಮತ್ತು ಸುತ್ತಲ ಪ್ರದೇಶಕ್ಕೆ. ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಅದರ ಜಾರಿ ಮಾತ್ರ ಆಗಾಗ ಏರುಪೇರು ಆಗುತ್ತಲೇ ಬಂದಿದೆ. ಕರ್ನಾಟಕದಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷ ಇರುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

ದೆಹಲಿಯಲ್ಲಿ ಓಡದ ಗಾಡಿ ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತದೆ. ಬೆಲೆ ಕೇಳಿದರೆ ಬಾಯಲ್ಲಿ ನೀರು ಬರುತ್ತೆ. ಆದರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮತ್ತೆ ನೋಂದಣಿ ಮಾಡಿಸಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿ ನೋಡಿದ ಮೇಲೂ ಅಗ್ಗ ಅನ್ನಿಸಿದರೆ ಮಾತ್ರ ಮುಂದುವರಿಯಿರಿ.

ಎಮಿಷನ್ ಟೆಸ್ಟ್ ಬಗ್ಗೆಯೂ ಒಂದು ಗೊಂದಲ ಇದೆ. ಬಿಎಸ್-4, ಬಿಎಸ್-6 ಗಾಡಿಗಳಿಗೆ ಪ್ರಮಾಣಪತ್ರ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು. ಡೀಸೆಲ್ ಗಾಡಿಗೆ ಅಲ್ಲಿ ಅಳೆಯೋದು ಹೊಗೆ ಎಷ್ಟು ಕಪ್ಪು ಅನ್ನೋದನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನು ಅಲ್ಲ. ಪಾಸಾಯ್ತು ಅಂದರೆ ಹೊಗೆ ಕಪ್ಪಗಿಲ್ಲ ಅಂತ ಅರ್ಥ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಡೀಸೆಲ್ ತಗೊಳ್ಳೋ ಮುಂಚೆ

ಈಗ ಮಾರುಕಟ್ಟೆಗೆ ಬರುತ್ತಿರೋದು 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳು. ಇವುಗಳ ಮಸಿ ಫಿಲ್ಟರ್ ಬಗ್ಗೆ ತಿಳಿಯದೆ ಕೊಂಡರೆ ಕಷ್ಟ. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಹೈವೇನಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಆಗುತ್ತದೆ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡಿಸಿ ನಿಲ್ಲಿಸಿದರೆ ಸುಡೋದು ಅರ್ಧಕ್ಕೇ ನಿಲ್ಲುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ದೀಪ ಹತ್ತಿದ ತಕ್ಷಣ ತುಮಕೂರು ಕಡೆಗೋ ಅರಸೀಕೆರೆ ಕಡೆಗೋ ಒಂದು ಸುತ್ತು ಹೋಗಿಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಫಿಲ್ಟರ್ ಬದಲಾಯಿಸುವ ಖರ್ಚು ಸಣ್ಣದಲ್ಲ.

ಆ ಖರ್ಚಿಗೆ ಹೆದರಿ ಕೆಲವರು ಫಿಲ್ಟರನ್ನೇ ಕಿತ್ತು ಹಾಕಿಸಿರುತ್ತಾರೆ. ಇದು ಕಾನೂನುಬಾಹಿರ, ಮತ್ತು ಅಂಥ ಬಿಎಸ್-6 ಗಾಡಿ ಹೆಸರಿಗೆ ಮಾತ್ರ ಬಿಎಸ್-6. ಕೊಳ್ಳುವಾಗ ಸೈಲೆನ್ಸರ್ ಕೊಳವೆಯ ತುದಿಯ ಒಳಗೆ ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿರುವಾಗ ನೋಡಿ, ಇಲ್ಲಾಂದ್ರೆ ಬೆರಳು ಸುಡುತ್ತೆ. ಫಿಲ್ಟರ್ ಸರಿ ಇದ್ದರೆ ಬೆರಳಿಗೆ ಮಸಿ ಹತ್ತೋದೇ ಇಲ್ಲ ಅನ್ನುವಷ್ಟು ಕಡಿಮೆ. ಕಪ್ಪಗೆ ಮೆತ್ತಿಕೊಂಡರೆ ಹಿಂದಿನ ಸರ್ವಿಸ್ ಬಿಲ್ಲು ಕೇಳಿ, ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಕೊಡಲು ಹೇಳಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.