ಕಂತಿನ ಗೃಹೋಪಕರಣ, ಸರ್ಕಾರಿ ನೆರವು: ತಿಳಿದಿರಬೇಕಾದ ಕಾನೂನು

ನಾಸಿಕದ ಸಾತಪುರ, ಅಂಬಡ ಹಾಗೂ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲ್‌ಠಾಣಾ ಕೈಗಾರಿಕಾ ಪ್ರದೇಶಗಳ ಸುತ್ತ ನೆಲೆಸಿರುವ ಅಲ್ಪ ಆದಾಯದ ಕುಟುಂಬಗಳಿಗೆ ಫ್ರಿಜ್, ವಾಷಿಂಗ್ ಮಷೀನುಗಳು ದೊರೆಯುವುದು ಬಹುಮಟ್ಟಿಗೆ ಕಂತಿನ ಮೇಲೆಯೇ. ಮುಖ್ಯಮಂತ್ರಿ ಮಾಝೀ ಲಾಡಕೀ ಬಹೀಣ್ ಯೋಜನೆಯು 2024ರ ಜುಲೈಯಲ್ಲಿ ಆರಂಭವಾಯಿತು. ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರದ ಕುಟುಂಬಗಳ 21ರಿಂದ 65 ವಯಸ್ಸಿನ ಅರ್ಹ ಮಹಿಳೆಯರ ಖಾತೆಗೆ ತಿಂಗಳಿಗೆ 1,500 ರೂ. ಜಮೆಯಾಗುವುದು ಇದರ ಸ್ವರೂಪ. ಊಟ, ಔಷಧಿಗಳಿಗೆ ಒದಗಬೇಕಾದ ಈ ಹಣ ಕಂತಿಗೆ ಸೇರಿಹೋದರೆ ಯೋಜನೆಯ ಉದ್ದೇಶವೇ ಕೆಡುತ್ತದೆ.

ಜಾರಿಗೆ ಬಾರದ ಕಾಯಿದೆ

ಬಾಡಿಗೆ-ಖರೀದಿಯಲ್ಲಿ ಕೊನೆಯ ಕಂತು ತೀರುವವರೆಗೆ ವಸ್ತುವಿನ ಒಡೆತನ ಮಾರಿದವನದೇ. ಬೆಲೆಯ ನಿಗದಿತ ಪಾಲು ಸಂದ ಮೇಲೆ ನ್ಯಾಯಾಲಯದ ಮೂಲಕವಲ್ಲದೆ ವಸ್ತುವನ್ನು ಮರಳಿ ಪಡೆಯಕೂಡದೆಂದು 1972ರ ಬಾಡಿಗೆ-ಖರೀದಿ ಕಾಯಿದೆ ವಿಧಿಸಿತ್ತು. ಆದರೆ ಅದು ಜಾರಿಗೇ ಬರಲಿಲ್ಲ, 2005ರಲ್ಲಿ ರದ್ದಾಯಿತು. ಹೀಗಾಗಿ ಇಂದಿನ ರಕ್ಷಣೆಗಳು ಹಲವೆಡೆ ಚದುರಿವೆ.

ಇಂದಿರುವ ರಕ್ಷಣೆ

ವಸೂಲಿಗೆ ಬಲಪ್ರಯೋಗ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸ್ಪಷ್ಟಪಡಿಸಿದೆ. ವಾರ್ಷಿಕ ಆದಾಯ 3 ಲಕ್ಷ ರೂ.ವರೆಗಿನ ಕುಟುಂಬಗಳ ಅಡಮಾನರಹಿತ ಸಾಲಗಳಲ್ಲಿ, ಎಲ್ಲ ಸಾಲಗಳ ಒಟ್ಟು ಕಂತು ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡಬಾರದು. ಇವು 2022ರ ರಿಸರ್ವ್ ಬ್ಯಾಂಕ್ ನಿಯಮಗಳು. ನ್ಯಾಯಾಲಯದ ಜಪ್ತಿಯಿಂದಲೂ ಅಡಿಗೆ ಪಾತ್ರೆ, ಹಾಸಿಗೆ, ಅಗತ್ಯ ಉಡುಪುಗಳನ್ನು ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೊರತುಪಡಿಸಿದೆ. ಮಹಾರಾಷ್ಟ್ರದಲ್ಲಿ ಪರವಾನಗಿಯಿಲ್ಲದ ಲೇವಾದೇವಿಯು 2014ರ ಕಾಯಿದೆಯಂತೆ ಅಪರಾಧ. ಕರ್ನಾಟಕದ 2025ರ ಕಿರುಸಾಲ ಕಾಯಿದೆ ಇಲ್ಲಿಗೆ ಅನ್ವಯಿಸದು.

ನೆರವಿನ ಹಣವನ್ನು ಹಳೆಯ ಬಾಕಿಗೆ ಹೊಂದಿಸಿಕೊಳ್ಳಬಾರದೆಂದು ರಾಜ್ಯ ಸರ್ಕಾರ 2024ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಆದರೆ ಫಲಾನುಭವಿಯೇ ಸಹಿ ಮಾಡಿಕೊಟ್ಟ ಸ್ವಯಂಕಡಿತದ ಒಪ್ಪಿಗೆ ಬೇರೆಯೇ ವಿಷಯ. ನೆರವು ಜಮೆಯಾಗುವ ಖಾತೆಯನ್ನೇ ಕಂತಿಗೆ ಕೊಟ್ಟರೆ ಆ ಹಣವೂ ಕಡಿತವಾಗಬಹುದು. ಖಾತೆಯಲ್ಲಿ ಹಣ ಸಾಲದೆ ಕಂತು ಮರಳಿದರೆ ಶುಲ್ಕವೂ ಬೀಳುತ್ತದೆ. ಆದ್ದರಿಂದ ಕಂತಿಗೆ ಬೇರೆ ಖಾತೆ ಕೊಡುವುದು ಲೇಸು.

ಸಹಿಗೆ ಮುನ್ನ

‘ಶೂನ್ಯ ಬಡ್ಡಿ’ ಎಂಬುದಿಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಉದಾಹರಣೆಗೆ, ನಗದು ಬೆಲೆ 18,500 ರೂ. ಇರುವ ಫ್ರಿಜ್ಜಿಗೆ ಆರಂಭದಲ್ಲಿ 500 ರೂ. ಶುಲ್ಕ ತೆತ್ತು, 2,000 ರೂ.ಗಳ ಹತ್ತು ಮಾಸಿಕ ಕಂತು ಕಟ್ಟಿದರೆ, ಬಡ್ಡಿ ವರ್ಷಕ್ಕೆ ಸುಮಾರು ಶೇ. 24ರಷ್ಟು ಬೀಳುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅದನ್ನು ಕೇಳಿ ಪಡೆಯಬೇಕು.

ದೂರು ಎಲ್ಲಿ?

ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರಬಹುದು; ಮಾಹಿತಿಗೆ 14448. ವಸ್ತುವಿನ ದೋಷಕ್ಕೆ ಗ್ರಾಹಕ ಸಹಾಯವಾಣಿ 1915. ಪರವಾನಗಿಯಿಲ್ಲದ ಲೇವಾದೇವಿಯ ದೂರು ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರಿಗೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಹಾಯವಾಣಿ 15100.

ನಮ್ಮ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಕರಾರಿನ ಕಾಗದ ತಂದು ತೋರಿಸಿದಾಗ ಓದುಗರು ಅದನ್ನು ಸಹಿಗೆ ಮೊದಲೇ ಓದಿ ಹೇಳುವಂತಾಗಲಿ. ಸಹಿಯಾದ ಮೇಲಿನ ಕಾನೂನಿಗಿಂತ ಅದು ಹೆಚ್ಚಿನ ರಕ್ಷಣೆ.