ಸರ್ಕಾರ ಕುಡಿಸಿದ ನೀರು

ನನ್ನ ತವರು ನರಗುಂದದ ಎರಿ, ಅಂದರೆ ಕಪ್ಪು ಮಣ್ಣಿನ ಸೀಮೆ. ಕೊಟ್ಟದ್ದು ಗಜೇಂದ್ರಗಡದ ಕಡೆ, ಮಸಾರಿ ಅಂದರೆ ಕೆಂಪು ಮಣ್ಣಿನ ಊರಿಗೆ. ಎರಿಯಲ್ಲಿ ಬಾವಿ ತೋಡಿದರೆ ಸವಳು ನೀರು. ಹಾಗಾಗಿ ನಾವು ಕುಡಿದು ಬೆಳೆದದ್ದು ಕೆರೆಯ ಮಳೆನೀರು. ಗಂಡನ ಮನೆಯ ಬೋರಿನ ನೀರು ಕನ್ನಡಿಯಷ್ಟು ತಿಳಿ. ಆದರೆ ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಅರಳುತ್ತಿರಲಿಲ್ಲ. “ಬ್ಯಾಳಿಗೆ ಕೆರಿ ನೀರು ತಾರವ್ವಾ, ಕುಡಿಯಾಕ ಬೋರಿಂದು ಐತಲ್ಲ” ಎನ್ನುತ್ತಿದ್ದರು ನಮ್ಮತ್ತೆ. ಕುಡಿಯಲು ಬೋರಿನದೇ ಎಂದು ಕಲಿಸಿದ್ದು ಸರ್ಕಾರ.

ಕಲಿಸಿದ್ದಕ್ಕೆ ಕಾರಣವೂ ಇತ್ತು. ಕೆರೆ, ಮೆಟ್ಟಿಲು ಬಾವಿಗಳ ನೀರಿನಿಂದ ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಬರುತ್ತಿತ್ತು. ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ದಾರದಂಥ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು; ಹರಿದರೆ ಕಾಲು ಕೀವು. 1980ರ ದಶಕದ ನಿರ್ಮೂಲನಾ ಕಾರ್ಯಕ್ರಮದಲ್ಲಿ ನೀರು ಸೋಸುವುದನ್ನು ಹೇಳಿಕೊಟ್ಟರು, ಮೆಟ್ಟಿಲು ಬಾವಿಗಳ ಬಳಕೆ ತಪ್ಪಿಸಿ ಕೈಪಂಪು ಕೊಟ್ಟರು. 1996ರ ನಂತರ ದೇಶದಲ್ಲಿ ಒಬ್ಬ ರೋಗಿಯೂ ಸಿಗಲಿಲ್ಲ. ಇಂಥ ಗೆಲುವು ಸರ್ಕಾರಕ್ಕೆ ಅಪರೂಪ, ಒಪ್ಪಿಕೊಳ್ಳೋಣ.

ಕೆರೆಗೆ ಜಾತಿಯೂ ಅಂಟಿತ್ತು. ನಮ್ಮ ಆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1923ರಲ್ಲಿ ಅಲ್ಲಿನ ಶಾಸನ ಪರಿಷತ್ತು ಸಾರ್ವಜನಿಕ ಕೆರೆ-ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಗೊತ್ತುವಳಿ ಮಾಡಿತು. ತಡೆದವರಿಗೆ ಶಿಕ್ಷೆ ಎಂಬ ದೇಶವ್ಯಾಪಿ ಕಾನೂನು ಬಂದದ್ದು 1955ರಲ್ಲಿ. ಆಮೇಲೆ ದಲಿತರ ಕೇರಿಗೇ ಒಂದು ಬೋರು ಕೊರೆಸಿಕೊಟ್ಟರು. ಜಗಳ ತಪ್ಪಿತು, ಕೆರೆಯಲ್ಲಿ ಪಾಲು ಕೇಳುವುದೂ ತಪ್ಪಿತು.

ಆದರೆ ಬಂಡೆಯೊಳಗಿನ ನೀರಿನಲ್ಲಿ ಫ್ಲೋರೈಡ್ ಇತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಫ್ಲೋರೈಡ್ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಇದು ಹೊಸ ಸಂಶೋಧನೆಯಲ್ಲ. ನೆಲ್ಲೂರಿನಲ್ಲಿ ಫ್ಲೋರೋಸಿಸ್ ಎಂಬ ಈ ರೋಗ ದಾಖಲಾದದ್ದು 1937ರಲ್ಲಿ. ನಮ್ಮಲ್ಲಿ ಬೋರು ಕೊರೆಯುವ ಹೊತ್ತಿಗೆ ಅದು ಪುಸ್ತಕದಲ್ಲಿತ್ತು. ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮ ಶುರುವಾದದ್ದು ಮಾತ್ರ 2008-09ರಲ್ಲಿ. ಈ ಎಪ್ಪತ್ತು ವರ್ಷಕ್ಕೆ ಯಾರೂ ಲೆಕ್ಕ ಕೊಟ್ಟಿಲ್ಲ.

ಅತ್ತ ತವರಿಗೆ ಮಲಪ್ರಭೆಯ ಕಾಲುವೆ ಬಂದಿತ್ತು. ಅದು ಹೊಲದ ನೀರು, ಕೊಡದ ನೀರಲ್ಲ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹೇರಿದಾಗ ರೈತರು ಎದ್ದರು. 1980ರ ಜುಲೈ 21ರಂದು ಪೊಲೀಸರ ಗುಂಡು ಹಾರಿತು. ಕುಡಿಯುವ ನೀರಿಗೇ ಮೊದಲ ಪಾಲು ಎಂದು ರಾಷ್ಟ್ರೀಯ ಜಲನೀತಿ ಹೇಳಿದ್ದು 1987ರಲ್ಲಿ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ, ಕುಡಿಯುವ ನೀರಿಗಾಗಿ ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ 3.9 ಟಿಎಂಸಿ ಕೊಟ್ಟಿತು. ಅದಿನ್ನೂ ಅನುಮತಿಗಳ ಕಡತದಲ್ಲಿದೆ.

ಈಗ ಶುದ್ಧ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕೂಲಿಗೆ ಹೋಗುವವಳು ಕುಡಿಯಲು ಮಾತ್ರ ಒಯ್ಯುತ್ತಾಳೆ, ಅಡುಗೆಗೆ ಬೋರಿನದೇ. ಘಟಕ ಕೆಟ್ಟ ವಾರ ಎಲ್ಲಕ್ಕೂ ಬೋರಿನದೇ.

ಬೆನ್ನು ಬಾಗಿದವರ ಕಥೆ ಇನ್ನೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಫ್ಲೋರೋಸಿಸ್ ಎಂಬ ಹೆಸರು ಅದರಲ್ಲಿಲ್ಲ. ಕೈಕಾಲಿನ ಊನ ಎಂದು ಅರ್ಜಿ ಹಾಕಿ, ಶೇಕಡಾವಾರು ಅಳೆಸಿಕೊಳ್ಳಬೇಕು. ನೀರು ಕೊಟ್ಟವರೇ ಅಳೆಯುವವರು. ಆ ಪಟ್ಟಿಗೆ ಈ ಹೆಸರು ಸೇರಿಸಿ. ಅಲ್ಲಿಯವರೆಗೆ ಪ್ರತಿ ಬೋರಿನ ಪಕ್ಕದ ಗೋಡೆಯ ಮೇಲೆ ಅದರ ಫ್ಲೋರೈಡ್ ಎಷ್ಟೆಂದು ದೊಡ್ಡ ಅಕ್ಷರದಲ್ಲಿ ಬರೆಸಿ.